ಬಾತುಕೋಳಿಗೆ ಸಾಹೇಬರ ಮೂಗು

ತೂಕ ಮತ್ತು ಅಳತೆ ಇಲಾಖೆಯ ಕಚೇರಿಯಲ್ಲಿ ಹದಿನೇಳು ವರ್ಷದಿಂದ ಎರಡನೇ ದರ್ಜೆ ಗುಮಾಸ್ತರಾಗಿದ್ದವರನ್ನು ಎಲ್ಲರೂ ಅಡ್ಡಿಯಿಲ್ಲಪ್ಪ ಎಂದೇ ಕರೆಯುತ್ತಿದ್ದರು. ಯಾರು ಏನು ಕೇಳಿದರೂ ಅವರ ಬಾಯಿಂದ ಮೊದಲು ಹೊರಡುವ ಮಾತು "ಅಡ್ಡಿಯಿಲ್ಲ". ಟೀ ತಣ್ಣಗಾಗಿದೆಯಲ್ಲ ಎಂದರೆ ಅಡ್ಡಿಯಿಲ್ಲ. ನಿಮ್ಮ ಫ್ಯಾನು ನನ್ನ ಕಡೆ ತಿರುಗಿಸಿಕೊಳ್ಳಲೇ ಎಂದರೆ ಅಡ್ಡಿಯಿಲ್ಲ. ಒಮ್ಮೆ ದಂತವೈದ್ಯರು ತಪ್ಪು ಹಲ್ಲಿಗೆ ಇಕ್ಕಳ ಹಾಕಿ "ಇದೇ ತಾನೇ?" ಎಂದಾಗಲೂ ಅವರು ತೆರೆದ ಬಾಯಲ್ಲೇ ಅಡ್ಡಿಯಿಲ್ಲ ಎಂದರಂತೆ. ಹಲ್ಲು ಹೋಯಿತು. ಆ ಮಾತು ಮಾತ್ರ ಅಲುಗಾಡದೆ ಉಳಿಯಿತು.

ಇಂಥವರ ಕೈಗೆ ಚಾಕು ಬಂದದ್ದು ಆಕಸ್ಮಿಕ. ಪಾರ್ಸೆಲ್ ದಾರ ಕತ್ತರಿಸಲೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ ಮಡಿಚುವ ಚಾಕು ಅದು. ಬೆರಳುದ್ದದ ಅಲಗು, ಕೆಂಪು ಹಿಡಿ. ಅದರ ಡಬ್ಬಿಯೊಳಗೆ ನಾಲ್ಕಾಗಿ ಮಡಿಚಿದ ಒಂದು ಕಾಗದವಿತ್ತು. "ಬರೀ ಜೇಬುಚಾಕುವಿನಿಂದ ಮರದ ಕೆತ್ತನೆ: ಹೊಸಬರಿಗೆ ಮೂರು ಸುಲಭ ಕೆಲಸಗಳು." ಚಮಚ, ಮೀನು, ಬಾತುಕೋಳಿ. ಒಂದೊಂದಕ್ಕೂ ಮೂರು ಚಿತ್ರ. ಮೊದಲನೆಯದರಲ್ಲಿ ಒಂದು ಮರದ ತುಂಡು. ಎರಡನೆಯದರಲ್ಲಿ ಮೂಲೆ ಸವರಿದ ಅದೇ ಮರದ ತುಂಡು. ಮೂರನೆಯದರಲ್ಲಿ ಒಂದೊಂದು ಗರಿಯನ್ನೂ ಎಣಿಸಬಹುದಾದ, ಇನ್ನೇನು ನೀರಿಗೆ ಇಳಿಯಲಿರುವ ಬಾತುಕೋಳಿ. ಎರಡನೆಯ ಚಿತ್ರಕ್ಕೂ ಮೂರನೆಯದಕ್ಕೂ ನಡುವೆ ಏನು ನಡೆಯಬೇಕೆಂಬ ವಿಷಯದಲ್ಲಿ ಆ ಕಾಗದ ಗಂಭೀರವಾದ ಮೌನ ತಾಳಿತ್ತು.

ಕಚೇರಿಗೆ ತೂಕದ ಬಟ್ಟುಗಳು ಬರುವ ಪೆಟ್ಟಿಗೆಯಿಂದ ಒಂದು ಹಲಗೆ ಕಿತ್ತುಕೊಂಡು ಅಡ್ಡಿಯಿಲ್ಲಪ್ಪನವರು ಭಾನುವಾರ ಬೆಳಿಗ್ಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಶುರುವಾದಾಗ ಅದು ಸೌಟು. ಬಲಗಡೆ ದಪ್ಪವಾಯಿತೆಂದು ಬಲಗಡೆ ಕೆತ್ತಿದರು. ಈಗ ಎಡಗಡೆ ದಪ್ಪ ಕಂಡಿತು. ಎಡಗಡೆ ಕೆತ್ತಿದರು, ಮತ್ತೆ ಬಲಗಡೆ ತಗಾದೆ ತೆಗೆಯಿತು. ಹೀಗೆ ಎರಡೂ ಕಡೆಯವರಿಗೆ ನ್ಯಾಯ ಒದಗಿಸುತ್ತಾ ಹೋಗಿ ಮಧ್ಯಾಹ್ನಕ್ಕೆ ಸೌಟು ಚಮಚವಾಯಿತು, ಮೂರು ಗಂಟೆಗೆ ಉಪ್ಪಿನ ಚಮಚವಾಯಿತು, ಸಂಜೆ ಹೊತ್ತಿಗೆ ಕಿವಿ ಕೆರೆಯುವ ಕಡ್ಡಿಯಾಯಿತು.

ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು. ಹೊಲಿಗೆ ಯಂತ್ರದ ಹಿಂದಿನಿಂದ ಕತ್ತು ಚಾಚಿ ನೋಡಿ, "ಬಿಡಬೇಡಿ ರೀ, ಇನ್ನೊಂದು ಗಂಟೆ ಕೆತ್ತಿದ್ರೆ ಸೂಜಿ ಆಗುತ್ತೆ. ನನಗೂ ಒಂದು ಬೇಕಿತ್ತು," ಎಂದರು.

ಬೇರೆ ಯಾರಾದರೂ ಆಗಿದ್ದರೆ ಚಾಕು ಮಡಿಚಿ ಪಾರ್ಸೆಲ್ ದಾರದ ಕಡೆಗೆ ತಿರುಗುತ್ತಿದ್ದರು. ಈ ಮನುಷ್ಯ ಬಿಡಲಿಲ್ಲ. ದಿನಾ ಕಚೇರಿಯಿಂದ ಬಂದು ಕೈಕಾಲು ತೊಳೆದು, ಹಳೇ ಪೇಪರು ಹಾಸಿ, ಬೆಳಕಿರುವಷ್ಟು ಹೊತ್ತು ಮೆಟ್ಟಿಲ ಮೇಲೆ ಕೂರುವರು. ಎರಡು ಮೀನು ನಡುವೆ ಮುರಿದವು. ಮೂರನೆಯದಕ್ಕೆ ಬಾಲ, ಬೆನ್ನು, ಒಂದು ಬಗೆಯ ಮುಖಭಾವ ಎಲ್ಲವೂ ಬಂದವು. ಹೆಂಡತಿ ಅದನ್ನು ಹೊಗಳಲಿಲ್ಲ. ಆದರೆ ಮಾರನೇ ದಿನ ನೋಡಿದರೆ ಆ ಮೀನು ಹೊಲಿಗೆ ಯಂತ್ರದ ದೀಪಕ್ಕೆ ನೂಲಿನಲ್ಲಿ ನೇತಾಡುತ್ತಿತ್ತು. ಅಡ್ಡಿಯಿಲ್ಲಪ್ಪನವರು ಆವತ್ತು ಊಟಕ್ಕೆ ಕೂತವರು ಮೂರು ಸಲ ಎದ್ದು ಹೋಗಿ ಅದನ್ನು ನೋಡಿ ಬಂದರು.

ಬಾತುಕೋಳಿಯ ಕಥೆ ಬೇರೆ. ಕೊಕ್ಕು ಎರಡು ಸಲ ಮುರಿಯಿತು. ಮೂರನೇ ಸಲ ಮುರಿಯುವ ಭಯಕ್ಕೆ ಕೊಕ್ಕನ್ನು ದಪ್ಪಗೆ, ಉದ್ದಕ್ಕೆ, ಸ್ವಲ್ಪ ಕೆಳಗೆ ಬಾಗಿದಂತೆ ಬಿಟ್ಟರು. ಕತ್ತು ಮಾಡಲು ಹೋದಾಗ ಚಾಕು ಮರ ಬಿಟ್ಟು ಹೆಬ್ಬೆರಳಿಗೆ ಬಂತು. ಬಾತುಕೋಳಿಯನ್ನು ಒಂದು ಕೈಯಲ್ಲಿ, ರಕ್ತ ಸುರಿಯುವ ಬೆರಳನ್ನು ಇನ್ನೊಂದರಲ್ಲಿ ಹಿಡಿದುಕೊಂಡು ಮಹಡಿ ಹತ್ತಿದರು. ಮೇಲಿನ ಮನೆಯವರು ಕಣ್ಣಾಸ್ಪತ್ರೆಯ ನರ್ಸಮ್ಮ.

"ಈ ತಿಂಗಳಲ್ಲಿ ಇದು ಆರನೇ ಬೆರಳು," ಎಂದು ಪಟ್ಟಿ ಸುತ್ತುತ್ತಾ ನರ್ಸಮ್ಮ ಹೇಳಿದರು. "ನಿಮಗಿರೋದೇ ಹತ್ತು. ಸ್ವಲ್ಪ ನೋಡ್ಕೊಂಡು ಖರ್ಚು ಮಾಡಿ." ಆಮೇಲೆ ಅವರ ಕಣ್ಣು ಮೇಜಿನ ಮೇಲಿದ್ದ ಮರದ ತುಂಡಿನ ಮೇಲೆ ಬಿತ್ತು. ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. "ಅಯ್ಯೋ! ಇದು ನಿಮ್ಮ ಸಾಹೇಬ್ರಲ್ವಾ!"

"ಯಾರು?"

"ನಿಮ್ಮ ಸಾಹೇಬ್ರೇ! ಹೋದ ವರ್ಷ ಕಣ್ಣಿನ ಪೊರೆ ತೆಗೆಸ್ಕೊಂಡಾಗ ಮೂರು ದಿನ ನಾನೇ ಔಷಧಿ ಹಾಕಿದ್ದು. ಕಣ್ಣಿಗೆ ಹೋಗ್ಬೇಕಾದ್ರೆ ಈ ಮೂಗನ್ನ ದಾಟಿಕೊಂಡೇ ಹೋಗ್ಬೇಕಿತ್ತು. ಮರೆಯೋಕಾಗುತ್ತಾ? ಏನು ಕೈ ರೀ ನಿಮ್ಮದು!"

ಅಡ್ಡಿಯಿಲ್ಲಪ್ಪನವರ ನಾಲಿಗೆಯ ತುದಿಯವರೆಗೆ ಬಾತುಕೋಳಿ ಬಂದಿತ್ತು. ಹೊರಗೆ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಯೋಚನೆ ಮಾಡಿ: ಎರಡು ತಿಂಗಳಿಂದ ಆ ಮನುಷ್ಯ ಕೆತ್ತಿದ್ದನ್ನೆಲ್ಲ ನೋಡಿದವರು "ಇದೇನು?" ಎಂದೇ ಕೇಳಿದ್ದರು. ಕೇಳದೆ ಗುರುತು ಹಿಡಿದವರು ಇವರೊಬ್ಬರೇ. ಹಿಡಿದ ಗುರುತು ತಪ್ಪು ಎಂಬ ಒಂದು ಸಣ್ಣ ಕಾರಣಕ್ಕೆ ಅಂಥ ಸಂತೋಷವನ್ನು ಯಾರು ಕಳೆದುಕೊಳ್ಳುತ್ತಾರೆ?

"ಗುರುತು ಸಿಕ್ತಾ?" ಎಂದು ಅವರು ನಾಚಿಕೊಂಡರು.

"ಇದನ್ನ ನನ್ನ ತಮ್ಮನಿಗೆ ತೋರಿಸ್ಲೇಬೇಕು," ಎಂದು ನರ್ಸಮ್ಮ ಬಾತುಕೋಳಿಯನ್ನು ಹತ್ತಿಯಲ್ಲಿ ಸುತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು.

ಅವರ ತಮ್ಮ ಅದೇ ಕಚೇರಿಯ ನೌಕರರ ಸಂಘದ ಕಾರ್ಯದರ್ಶಿ.

ಸಾಹೇಬರ ಬಗ್ಗೆಯೂ ಹೇಳಿಬಿಡಬೇಕು. ಇಡೀ ಪೇಟೆಯ ಅಂಗಡಿಯವರು ಅವರನ್ನು ಕಂಡರೆ ತಕ್ಕಡಿ ಒರೆಸಿಡುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಉಕ್ಕಿನ ಸ್ಕೇಲು. ರಜೆ ಚೀಟಿಯ ಅಂಚು ಸೊಟ್ಟಗಿದ್ದರೆ ರಜೆ ಇಲ್ಲ. ಬೆನ್ನ ಹಿಂದೆ ಅವರಿಗೆ ಮಿಲಿಮೀಟರ್ ಸಾಹೇಬರು ಎಂದು ಹೆಸರು. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಹೋಗುವ ಮುಂಚೆ ಎಲ್ಲರ ಮೇಲೂ ಗೋಪ್ಯ ವರದಿ ಬರೆದು ಹೋಗಬೇಕು. ಅಡ್ಡಿಯಿಲ್ಲಪ್ಪನವರು ಮೊದಲ ದರ್ಜೆಗೆ ಏರುವುದೂ ಬಿಡುವುದೂ ಆ ಒಂದು ಹಾಳೆಯ ಮೇಲೆ ನಿಂತಿತ್ತು. ಹಿಂದಿನ ಎರಡು ವರ್ಷ ಸಾಹೇಬರು ಬರೆದದ್ದು ಎರಡೇ ಪದ: "ನಿಖರತೆ ಸಾಲದು."

ಮಾರನೇ ದಿನ ಅಡ್ಡಿಯಿಲ್ಲಪ್ಪನವರು ಕಚೇರಿಗೆ ಹೋದಾಗ ಅವರ ಮೇಜಿನ ಸುತ್ತ ಜನವೋ ಜನ. ನಡುವೆ, ಸ್ಟಾಂಪು ಪ್ಯಾಡಿನ ಮೇಲೆ, ಬಾತುಕೋಳಿ ವಿರಾಜಮಾನವಾಗಿತ್ತು.

"ಸಿಟ್ಟು ಬಂದಾಗ ಹೀಗೇ ಕೆಳಗೆ ನೋಡೋದು!" ಎಂದರು ಟೈಪಿಸ್ಟಮ್ಮ.

"ಕನ್ನಡಕ ಇಲ್ವಲ್ಲ?" ಎಂದು ರವಾನೆ ವಿಭಾಗದವರೊಬ್ಬರು ಅನುಮಾನಿಸಿದರು.

"ಕಲೆ ಅಂದ್ರೆ ಅದೇ ಕಣ್ರೀ. ಇಲ್ದಿರೋ ಕನ್ನಡಕ ಕಾಣ್ತಾ ಇಲ್ವಾ ನಿಮಗೆ?" ಎಂದರು ಟೈಪಿಸ್ಟಮ್ಮ.

ಅನುಮಾನಿಸಿದವರು ಕಣ್ಣು ಕಿರಿದು ಮಾಡಿ ನೋಡಿದರು. "ಹೌದು, ಕಾಣ್ತಿದೆ," ಎಂದು ಒಪ್ಪಿಕೊಂಡರು.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. ಇಬ್ಬರೇ ಇದ್ದರೂ ಸಭೆಯಲ್ಲಿ ಮಾತಾಡುವಂತೆ ಮಾತಾಡುವ ಮನುಷ್ಯ. "ಬಂಧುಗಳೇ! ನಿವೃತ್ತರಾದವರಿಗೆಲ್ಲ ಗೋಡೆ ಗಡಿಯಾರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಟೈಮಿನ ಕೆಲಸವೇ ಮುಗಿದವರಿಗೆ ಗಡಿಯಾರ ಯಾಕೆ ಹೇಳಿ? ಈ ಸಲ ಸಂಘದಿಂದ ಸಾಹೇಬ್ರಿಗೆ ಅವರದ್ದೇ ಪ್ರತಿಮೆ! ಇದು ಬೆಂಕಿಪೊಟ್ಟಣದಷ್ಟಿದೆ, ಹಿಂದಿನ ಸಾಲಿಗೆ ಕಾಣಲ್ಲ. ಒಂದಡಿ ಎತ್ತರದ್ದು ಬೇಕು. ಹದಿನೆಂಟು ದಿನ ಟೈಮಿದೆ. ಏನ್ ಹೇಳ್ತೀರಾ ಗುಮಾಸ್ತರೇ?"

ಇಷ್ಟು ದಿನ ಹೇಳದ ಮಾತನ್ನು ಇಂದು ಹೇಳಿಯೇ ತೀರಬೇಕೆಂದು ಅಡ್ಡಿಯಿಲ್ಲಪ್ಪನವರು ಬಾಯಿ ತೆರೆದರು. "ಅಡ್ಡಿ..."

"ಇದೆ" ಎಂಬ ಉಳಿದರ್ಧ ಬರುವಷ್ಟರಲ್ಲಿ ಇಡೀ ವಿಭಾಗ ಚಪ್ಪಾಳೆ ತಟ್ಟಿತು. ಹದಿನೇಳು ವರ್ಷದಿಂದ ಕೇಳಿದ ಮಾತಿನ ಕೊನೆಯನ್ನು ಕೇಳುವ ತಾಳ್ಮೆ ಯಾರಿಗಿದೆ?

ಬೀದಿಯ ಕೊನೆಯಲ್ಲಿ ಬಾಗಿಲು ಕಿಟಕಿ ಮಾಡುವ ಮುದುಕ ಬಡಗಿಯೊಬ್ಬರಿದ್ದರು. ಅಡ್ಡಿಯಿಲ್ಲಪ್ಪನವರು ಆವತ್ತೇ ಸಂಜೆ ಅಲ್ಲಿಗೆ ಹೋಗಿ ಮೆತ್ತನೆಯ ಮರದ ಮೂರು ದಿಮ್ಮಿ ಕೇಳಿದರು. ಬಡಗಿ ತಾತ ಒಂದೊಂದನ್ನೂ ಎತ್ತಿ, ಬೆರಳಲ್ಲಿ ಸವರಿ, ಕಿವಿಯ ಹತ್ತಿರ ಹಿಡಿದು ತಟ್ಟಿ, ಆರಿಸಿಕೊಟ್ಟರು. ಚಾಕುವನ್ನು ತಾವೇ ಈಸಿಕೊಂಡು ಸಾಣೆಕಲ್ಲಿನ ಮೇಲೆ ಎಳೆದರು. ಅವರ ಕೈ ಹೋಗಿ ಬರುವ ರೀತಿ ನೋಡುತ್ತಾ ಅಡ್ಡಿಯಿಲ್ಲಪ್ಪನವರಿಗೆ ಬಂದ ಕೆಲಸವೇ ಮರೆತುಹೋಯಿತು. ಐವತ್ತು ವರ್ಷ ಒಂದೇ ಕೆಲಸ ಮಾಡಿದ ಕೈ. ಒಂದು ಅಲುಗಾಟವೂ ದಂಡವಲ್ಲ.

"ಮರದ ಎಳೆ ಯಾವ ಕಡೆ ಓಡಿದೆ ನೋಡ್ಕೊಳ್ಳಿ," ಎಂದರು ತಾತ. "ಅದರ ಜೊತೆ ಹೋಗಿ. ಎದುರಿಗೆ ಹೋದ್ರೆ ಸೀಳುತ್ತೆ. ಏನು ಮಾಡ್ತೀರಾ ಇದರಲ್ಲಿ?"

"ಮುಖ."

ತಾತ ಚಾಕು ಕೆಳಗಿಟ್ಟು ಅವರನ್ನೇ ದಿಟ್ಟಿಸಿದರು. "ಮನುಷ್ಯರ ಮುಖವಾ? ಇಷ್ಟು ವರ್ಷ ಆದ್ರೂ ನನಗೆ ಅದು ಬರಲ್ಲಪ್ಪ. ಭೇಷ್!" ಆ ಭೇಷ್ ಅಡ್ಡಿಯಿಲ್ಲಪ್ಪನವರ ಬೆನ್ನಿಗೆ ಮೂರು ದಿಮ್ಮಿಗಿಂತ ಭಾರವಾಗಿ ಕೂತಿತು.

ಮುಖ ಕೆತ್ತಬೇಕಾದರೆ ಮುಖ ನೋಡಬೇಕು. ಮಾರನೇ ದಿನದಿಂದ ಅವರು ಇಲ್ಲದ ನೆಪ ಮಾಡಿಕೊಂಡು ಸಾಹೇಬರ ಕೋಣೆಗೆ ಹೋಗತೊಡಗಿದರು. ಮಂಗಳವಾರ ಎಡಗಡೆಯಿಂದ ಒಂದು ಫೈಲು, ಬುಧವಾರ ಬಲಗಡೆಯಿಂದ ಇನ್ನೊಂದು. ಗುರುವಾರ, ಮೂಗಿನ ಕೆಳಭಾಗ ಹೇಗಿದೆಯೋ ತಿಳಿಯದೆ, ಬೇಕೆಂತಲೇ ಪೆನ್ನು ಬೀಳಿಸಿ ಮೇಜಿನ ಪಕ್ಕ ಕೂತು ಕೆಳಗಿನಿಂದ ಮೇಲೆ ನೋಡಿದರು.

"ಏನ್ರೀ ಅದು?" ಎಂದರು ಸಾಹೇಬರು.

"ಫೈಲು ಸಾರ್."

"ಫೈಲು ಮೇಜಿನ ಮೇಲಿದೆ. ನೀವು ನೆಲದ ಮೇಲಿದ್ದೀರಾ. ಮೂರು ದಿನದಿಂದ ನನ್ನ ಮುಖಾನೇ ನೋಡ್ತಿದ್ದೀರಾ. ಏನಾದ್ರೂ ಅಂಟಿಕೊಂಡಿದ್ಯಾ?"

"ಇಲ್ಲ ಸಾರ್. ಎಲ್ಲಾ... ಅಳತೆಯಲ್ಲೇ ಇದೆ ಸಾರ್."

ಸಾಹೇಬರು ಥಟ್ಟನೆ ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡರು. ಅಂದಿನಿಂದ ಅಡ್ಡಿಯಿಲ್ಲಪ್ಪನವರು ಬಾಗಿಲಲ್ಲಿ ಕಂಡರೆ ಸಾಕು, ಸಾಹೇಬರಿಗೆ ನೆಗಡಿ.

ಇತ್ತ ಮೆಟ್ಟಿಲ ಮೇಲೆ ಕೆಲಸ ಸಾಗಿತ್ತು. ಹಣೆಗೆಂದು ಬಿಟ್ಟ ಜಾಗ ಜಾರಿ ಹಿಂದಕ್ಕೆ ಹೋಯಿತು. ಗಲ್ಲ ಮಾಡುವಷ್ಟರಲ್ಲಿ ಗಲ್ಲದ ಮರವೇ ಖರ್ಚಾಗಿತ್ತು. ಕಿವಿಗಳು ತಾವಾಗಿಯೇ ರೆಕ್ಕೆಗಳಾದವು. ಅವರ ಕೈಗೆ ಗೊತ್ತಿದ್ದದ್ದು ಒಂದೇ ದಾರಿ. ಎಲ್ಲಿಂದ ಹೊರಟರೂ ಹೋಗಿ ಸೇರುವುದು ಒಂದೇ ಕೆರೆಗೆ. ಆರನೇ ದಿನ ಅವರು ಮರದ ಹೊಟ್ಟು ಕೊಡವಿ ಮೊದಲ ದಿಮ್ಮಿಯನ್ನು ಹೆಂಡತಿಗೆ ತೋರಿಸಿದರು.

"ಬಹಳ ಚೆನ್ನಾಗಿ ಬಂದಿದೆ ರೀ!"

"ಸಾಹೇಬ್ರಾ?"

"ಬಾತುಕೋಳಿ."

ಎರಡನೇ ದಿಮ್ಮಿಯೂ ಅದೇ ಹಾದಿ ಹಿಡಿಯುತ್ತಿದ್ದಾಗ ಅತ್ತೆ ಬಂದರು. ಬಸ್ಸಿಳಿದು ನೇರ ಬಂದವರು ಚೀಲವನ್ನೂ ಕೆಳಗಿಡದೆ ಮಾತು ಶುರು ಮಾಡಿದರು. "ನಮ್ಮ ಅಳಿಯಂದ್ರು ದೊಡ್ಡ ಶಿಲ್ಪಿ ಅಂತ ನಮ್ಮ ಬೀದಿಗೆಲ್ಲ ಗೊತ್ತಾಗಿದೆ. ಕೊನೇಗೆ ಗೊತ್ತಾಗಿದ್ದು ನನಗೇ! ನಿಮ್ಮ ಮಾವನವರ ಫೋಟೋ ತಂದಿದ್ದೀನಿ, ಅವರದ್ದೊಂದು..." ಎನ್ನುತ್ತಾ ಕೂರಲು ಜಾಗ ಹುಡುಕಿದವರ ಕಣ್ಣಿಗೆ ಯಂತ್ರದ ಕೆಳಗೆ ಬಿದ್ದಿದ್ದ ಮೊದಲ ದಿಮ್ಮಿ ಕಂಡಿತು. ಎರಡೂ ಕೈಯಲ್ಲಿ ಎತ್ತಿಕೊಂಡರು. ಕಣ್ಣು ತುಂಬಿ ಬಂತು. "ಆಗಲೇ ಮಾಡಿಟ್ಟಿದ್ದೀರಲ್ಲಪ್ಪಾ! ಬೇಜಾರಾದಾಗ ಹೀಗೇ ಕೂರ್ತಿದ್ರು, ಮಾತಿಲ್ಲ ಕತೆಯಿಲ್ಲ."

"ಅಮ್ಮಾ, ಅದಕ್ಕೆ ಕೊಕ್ಕಿದೆ," ಎಂದರು ಮಗಳು.

"ನಿಮ್ಮಪ್ಪನಿಗೇನು ಕಡಿಮೆ ಇತ್ತಾ?" ಎಂದು ಅತ್ತೆ ಕಣ್ಣೊರೆಸಿಕೊಂಡರು. ಮಧ್ಯಾಹ್ನದ ಬಸ್ಸಿಗೆ ಬಾತುಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಹೋದರು.

ಅಡ್ಡಿಯಿಲ್ಲಪ್ಪನವರಿಗೆ ಇದರಿಂದ ಸಮಾಧಾನವಾಗುವ ಬದಲು ದಿಗಿಲು ಹೆಚ್ಚಿತು. ಮಾರನೇ ದಿನ ಕಾರ್ಯದರ್ಶಿಯನ್ನು ಕ್ಯಾಂಟೀನಿನ ಮೂಲೆಗೆ ಕರೆದೊಯ್ದು ಒಂದೇ ಉಸಿರಿಗೆ ಹೇಳಿಬಿಟ್ಟರು. "ನೋಡಿ, ನನಗೆ ಮುಖ ಮಾಡೋಕೆ ಬರಲ್ಲ. ನನಗೆ ಬರೋದು ಬಾತುಕೋಳಿ ಒಂದೇ. ಅದೂ ಈಗೀಗ."

ಕಾರ್ಯದರ್ಶಿ ಬಿಸ್ಕತ್ತು ಟೀಯಲ್ಲಿ ಅದ್ದಿಕೊಂಡೇ ಅವರ ಹೆಗಲ ಮೇಲೆ ಕೈ ಹಾಕಿದರು. "ಎಂಥಾ ವಿನಯ ರೀ ನಿಮ್ಮದು! ದೊಡ್ಡ ಕಲಾವಿದರೆಲ್ಲ ಹೀಗೇ ಮಾತಾಡೋದು."

"ವಿನಯ ಅಲ್ಲ, ನಿಜ!"

"ಅದನ್ನೂ ಹೀಗೇ ಹೇಳೋದು," ಎಂದು ಕಾರ್ಯದರ್ಶಿ ಜೇಬಿನಿಂದ ಅಚ್ಚಾಗಿ ಬಂದಿದ್ದ ಆಹ್ವಾನ ಪತ್ರಿಕೆ ತೆಗೆದು ತೋರಿಸಿದರು. ಸಾಹೇಬರ ಹೆಸರಿಗಿಂತ ಒಂದು ನೂಲು ಸಣ್ಣ ಅಕ್ಷರದಲ್ಲಿ "ಪ್ರತಿಮಾ ಶಿಲ್ಪಿ" ಎಂದು ಅಡ್ಡಿಯಿಲ್ಲಪ್ಪನವರ ಹೆಸರಿತ್ತು. ಆ ಅಕ್ಷರಗಳನ್ನು ನೋಡಿ ಹೆದರಿಕೆಯ ನಡುವೆಯೂ ಅವರಿಗೆ ಒಂದು ಕ್ಷಣ ಖುಷಿಯಾಯಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಕೈಯಲ್ಲಿ ನಾಲ್ಕು ದಿನ, ಒಂದು ದಿಮ್ಮಿ ಉಳಿದಿತ್ತು. ಅಡ್ಡಿಯಿಲ್ಲಪ್ಪನವರು ದಿಮ್ಮಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತರು. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಬಂದು ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

"ಒಬ್ರು ಒಂದೂವರೆ ಮೀಟರು ಬಟ್ಟೆ ತಂದು ಕೋಟು ಹೊಲಿದು ಕೊಡಿ ಅಂತಾರೆ," ಎಂದರು. "ನಾನು ಹ್ಞೂಂ ಅಂತೀನಾ? ಇಷ್ಟಕ್ಕೆ ಅಂಗಿ ಬರುತ್ತೆ, ಅಂಗೀನೇ ಚೆನ್ನಾಗಿ ಹೊಲಿದು ಕೊಡ್ತೀನಿ ಅಂತೀನಿ. ನೀವೂ ಬಾತುಕೋಳೀನೇ ಮಾಡಿ. ಯಾರೂ ಕಂಡಿರಬಾರದು, ಅಂಥಾ ಬಾತುಕೋಳಿ ಮಾಡಿ. ಆಮೇಲೆ ಇದು ಬಾತುಕೋಳಿ ಅಂತ ಹೇಳಿ."

"ಗೋಪ್ಯ ವರದಿ?"

"ಹದಿನೇಳು ವರ್ಷ ಬರದೇ ಇದ್ದ ಬಡ್ತಿ ಇನ್ನೊಂದಿಷ್ಟು ದಿನ ಬರದೇ ಇರುತ್ತೆ, ಅಷ್ಟೇ ತಾನೇ? ಏಳಿ, ಬೆಳಕು ಹೋಗುತ್ತೆ."

ಅಡ್ಡಿಯಿಲ್ಲಪ್ಪನವರು ರಜೆ ಹಾಕಿದರು. ಚೀಟಿಯ ಅಂಚನ್ನು ಹೆಂಡತಿಯೇ ಕತ್ತರಿಯಲ್ಲಿ ನೇರ ಮಾಡಿ ಕೊಟ್ಟರು. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಅವರು ಮೆಟ್ಟಿಲು ಬಿಟ್ಟು ಏಳಲಿಲ್ಲ. ಈ ಸಲ ಕೈ ಮರದ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಎಳೆ ಹೋದತ್ತ ಚಾಕು ಹೋಯಿತು. ತೆಳ್ಳನೆಯ ಸುರುಳಿ ಸುರುಳಿ ಸಿಪ್ಪೆ ಪಾದದ ಮೇಲೆ ಬಿದ್ದವು. ಬೆನ್ನಿಗೆ ಒಂದು ಏರು ಬಂತು. ರೆಕ್ಕೆಯ ಗರಿಗಳು ಒಂದರ ಮೇಲೊಂದು ಕೂತವು. ಕತ್ತು ಸ್ವಲ್ಪ ಓರೆಯಾಗಿ, ಯಾರೋ ಹಿಂದಿನಿಂದ ಕರೆದಾಗ ತಿರುಗುವಂತೆ ತಿರುಗಿತು. ಆ ಪುಟ್ಟ ಚಾಕುವಿನಿಂದ, ಎರಡೂವರೆ ತಿಂಗಳ ಹಿಂದೆ ಸೌಟನ್ನು ಕಡ್ಡಿ ಮಾಡಿದ ಅದೇ ಕೈ ಇದನ್ನು ಮಾಡಿತೆಂದರೆ, ನೋಡಿದವರ ಕಣ್ಣಿಗೂ ನಂಬಿಕೆ ಬರುವಂತಿರಲಿಲ್ಲ. ಈ ಮೂರು ದಿನ ಒಂದು ಬೆರಳೂ ಕುಯ್ಯಲಿಲ್ಲ. ನರ್ಸಮ್ಮ ಮೂರನೇ ದಿನ ತಾವೇ ಇಳಿದು ಬಂದು, "ಯಾಕೆ, ಹುಷಾರಾಗಿದ್ದೀರಾ ತಾನೇ?" ಎಂದು ವಿಚಾರಿಸಿದರು.

ಬೀಳ್ಕೊಡುಗೆಯ ದಿನ ಕಚೇರಿಯ ಹಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಸಾಹೇಬರು, ಕೈಯಲ್ಲಿ ಕರವಸ್ತ್ರ. ಅವರ ಮುಂದೆ ಮೇಜು. ಮೇಜಿನ ಮೇಲೆ ನೀಲಿ ಬಟ್ಟೆ ಮುಚ್ಚಿದ ಒಂದಡಿ ಎತ್ತರದ ಆಕಾರ. ಮೊದಲು ತಾನು ಎರಡು ಮಾತಾಡುತ್ತೇನೆಂದು ಅಡ್ಡಿಯಿಲ್ಲಪ್ಪನವರು ಕಾರ್ಯದರ್ಶಿಗೆ ನಾಲ್ಕು ಸಲ ಹೇಳಿದ್ದರು. ಕಾರ್ಯದರ್ಶಿ ಆವೇಶದಲ್ಲಿದ್ದರು. "ಬಂಧುಗಳೇ, ಇಗೋ ನಮ್ಮ ಸಾಹೇಬರು!" ಎಂದು ಕೂಗಿ ಬಟ್ಟೆ ಎಳೆದೇಬಿಟ್ಟರು.

ಬಾತುಕೋಳಿ ಕತ್ತು ಓರೆ ಮಾಡಿ ಸಭೆಯನ್ನು ನೋಡಿತು.

ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಅದೇ ಮೂಗು!" ಎಂದರು.

"ನೋಟ ನೋಡಿ, ನೋಟ! ರಜೆ ಕೇಳೋಕೆ ಹೋದಾಗ ಹೀಗೇ ತಿರುಗೋದು!"

"ಕನ್ನಡಕಾನೂ ಬಂದಿದೆ!" ಎಂದು ರವಾನೆ ವಿಭಾಗದವರು ಕುರ್ಚಿಯ ಮೇಲೆ ಹತ್ತಿ ನಿಂತರು. ಚಪ್ಪಾಳೆ ಮೊಳಗಿತು. ಟೈಪಿಸ್ಟಮ್ಮ ಕಣ್ಣೊರೆಸಿಕೊಂಡರು. ಕಾರ್ಯದರ್ಶಿ ಅಡ್ಡಿಯಿಲ್ಲಪ್ಪನವರನ್ನು ತಬ್ಬಿಕೊಂಡು ಮೈಕಿನ ಮುಂದೆ ನಿಲ್ಲಿಸಿದರು.

ಗೆದ್ದಾಗಿತ್ತು. ಸುಮ್ಮನೆ ಕೈ ಮುಗಿದು ಕೂತರೆ ಸಾಕಿತ್ತು. ಬಾತುಕೋಳಿಯೇನೂ ತಾನು ಬಾತುಕೋಳಿ ಎಂದು ಬಾಯಿಬಿಡುತ್ತಿರಲಿಲ್ಲ. ಅಡ್ಡಿಯಿಲ್ಲಪ್ಪನವರು ಮೊದಲ ಸಾಲಿನಲ್ಲಿ ಕೂತಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ತಮ್ಮ ಮೂರು ದಿನದ ಕೆಲಸವನ್ನು ನೋಡಿದರು. ಆ ಕತ್ತು, ಆ ಗರಿ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಅಂದುಕೊಂಡದ್ದು ಅಂದುಕೊಂಡಂತೆಯೇ ಬಂದಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ.

"ಅಡ್ಡಿಯಿದೆ!" ಎಂದರು ಮೈಕಿನಲ್ಲಿ.

ಆ ಬಾಯಿಂದ ಆ ಮಾತು ಕೇಳಿ ಹಿಂದೆ ಯಾರೋ ಹಿಡಿದಿದ್ದ ಟೀ ಲೋಟವನ್ನೇ ಬೀಳಿಸಿದರು.

"ಇದು ಸಾಹೇಬ್ರಲ್ಲ. ಬಾತುಕೋಳಿ. ಮೊದಲು ಮಾಡಿದ್ದೂ ಬಾತುಕೋಳೀನೇ. ಸಾಹೇಬ್ರು ಅಂದ್ರು, ನಾನು ಖುಷಿಗೆ ಸುಮ್ಮನಾದೆ. ತಪ್ಪು ನನ್ನದು. ಆದ್ರೆ ದಯವಿಟ್ಟು ಇದನ್ನ ಒಂದ್ಸಲ ಬಾತುಕೋಳಿ ಅಂತ ನೋಡಿ. ಇದಕ್ಕೆ ಬಹಳ ಕಷ್ಟಪಟ್ಟಿದ್ದೀನಿ."

ಸಾಹೇಬರು ಎದ್ದರು. ಕರವಸ್ತ್ರ ಕುರ್ಚಿಯ ಮೇಲೇ ಉಳಿಯಿತು. ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದು ಮೇಜಿನ ಬಳಿ ಬಗ್ಗಿದರು. ಎಡರೆಕ್ಕೆ ಅಳೆದರು. ಬಲರೆಕ್ಕೆ ಅಳೆದರು. ಕೊಕ್ಕು ಅಳೆದರು. ಕಾರ್ಯದರ್ಶಿ ಗೋಡೆಗೆ ಒರಗಿಕೊಂಡರು.

"ರೆಕ್ಕೆಗೂ ರೆಕ್ಕೆಗೂ ಒಂದು ಮಿಲಿಮೀಟರ್ ವ್ಯತ್ಯಾಸ," ಎಂದರು ಸಾಹೇಬರು. "ಬರೀ ಚಾಕುವಿನಲ್ಲಾ ಮಾಡಿದ್ದು?"

"ಹೌದು ಸಾರ್."

"ಇದು ಬಾತುಕೋಳಿ ಅನ್ನೋದರಲ್ಲಿ ಅನುಮಾನ ಇಲ್ಲ." ಸಾಹೇಬರು ನಿಧಾನವಾಗಿ ಉಸಿರು ಬಿಟ್ಟರು. ಆಮೇಲೆ ಮೈಕು ಇರುವುದನ್ನು ಮರೆತವರಂತೆ ಹೇಳಿದರು, "ಹದಿನೈದು ದಿನದಿಂದ ನನಗೆ ಊಟ ಸೇರಿಲ್ಲ ರೀ. ನನ್ನ ಪ್ರತಿಮೆ ಮಾಡ್ತಿದ್ದಾರೆ ಅಂತ ಗೊತ್ತಾದಾಗಿಂದ. ಈ ಮೂಗು ಹೊತ್ತುಕೊಂಡು ಶಾಲೇಲಿ ನಾನು ಏನೇನು ಅನ್ನಿಸಿಕೊಂಡಿದ್ದೀನಿ ಅಂತ ನಿಮಗೆ ಗೊತ್ತಿಲ್ಲ. ಅದನ್ನೇ ಮರದಲ್ಲಿ ಮಾಡಿ ಮನೆಗೆ ಕೊಟ್ಟು ಕಳಿಸ್ತಾರೆ, ದಿನಾ ಎದುರಿಗಿಟ್ಟುಕೊಂಡು ನೋಡ್ಬೇಕು ಅಂತ... ಬಾತುಕೋಳಿ ಬಹಳ ಒಳ್ಳೇದಾಯ್ತು. ಬಹಳ ಚೆನ್ನಾಗಿದೆ."

ಟೈಪಿಸ್ಟಮ್ಮ ತಲೆ ತಗ್ಗಿಸಿದರು. ರವಾನೆ ವಿಭಾಗದವರು ಕುರ್ಚಿಯಿಂದ ಸದ್ದಿಲ್ಲದೆ ಇಳಿದರು.

ಸಾಹೇಬರು ತಮ್ಮ ಚೀಲದಿಂದ ಅಂಟಿಸಿದ ಲಕೋಟೆಯೊಂದನ್ನು ತೆಗೆದು ಒಡೆದರು. ಹಾಳೆಯ ಮೇಲೆ ಸ್ಕೇಲಿಟ್ಟು ಎರಡು ಪದಗಳ ಮೇಲೆ ನೇರ ಗೆರೆ ಎಳೆದರು, ಪಕ್ಕದಲ್ಲಿ ಏನೋ ಬರೆದರು, ತಿದ್ದುಪಡಿಗೆ ನಿಯಮದಂತೆ ಸಹಿ ಮತ್ತು ತಾರೀಕು ಹಾಕಿದರು. "ಮೂವತ್ತನಾಲ್ಕು ವರ್ಷ ತಕ್ಕಡಿ ಪರೀಕ್ಷೆ ಮಾಡಿದ್ದೀನಿ," ಎಂದರು. "ನಾನು ಕಂಡುಹಿಡಿಯೋ ಮುಂಚೆ ನನ್ನ ತೂಕ ತಪ್ಪಿದೆ ಸಾರ್ ಅಂತ ಬಂದು ಹೇಳಿದವರು ಇವರೊಬ್ರೇ. ಇದು ಗೋಪ್ಯ ವರದಿ, ಓದಿ ಹೇಳೋ ಹಾಗಿಲ್ಲ." ಎಲ್ಲರಿಗೂ ಕಾಣುವಂತೆ ಅಡ್ಡಿಯಿಲ್ಲಪ್ಪನವರ ಕೈ ಕುಲುಕಿದರು.

ಈ ಸಲದ ಚಪ್ಪಾಳೆ ಮೊದಲಿನಷ್ಟು ಜೋರಾಗಿರಲಿಲ್ಲ, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಜನ ಸಾಲುಗಟ್ಟಿ ಬಂದು ಬಾತುಕೋಳಿಯ ಬೆನ್ನು ಸವರಿ ಹೋದರು.

ಅಡ್ಡಿಯಿಲ್ಲಪ್ಪನವರು ಮೊದಲ ದರ್ಜೆ ಗುಮಾಸ್ತರ ಕುರ್ಚಿಯಲ್ಲಿ ಕೂತ ಮೇಲಿನ ಮೊದಲ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಸಾಹೇಬರು. ಒಂದು ಕೈಯಲ್ಲಿ ಹೊಚ್ಚ ಹೊಸ ಮಡಿಚುವ ಚಾಕು, ಇನ್ನೊಂದರಲ್ಲಿ ಆರೂ ಮುಖಕ್ಕೆ ಹತ್ತರಿ ಹಾಕಿಸಿ ನುಣುಪು ಮಾಡಿ ತಂದ ಮರದ ತುಂಡು.

"ಮನೇಲಿ ಕೂತು ಬೇಜಾರು," ಎಂದರು. "ಹೇಳಿಕೊಡ್ತೀರಾ?"

ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಮೊದಲ ಅರ್ಧ ಗಂಟೆ ಸಾಹೇಬರು ಚಾಕುವನ್ನು ಮರಕ್ಕೆ ಮುಟ್ಟಿಸುವರು, ತೆಗೆಯುವರು. ಎಲ್ಲಿ ತಪ್ಪಿಬಿಡುತ್ತದೋ ಎಂದು ಸ್ಕೇಲು ತೆಗೆದು ಮತ್ತೆ ಅಳೆಯುವರು. ಕೊನೆಗೆ ಅಡ್ಡಿಯಿಲ್ಲಪ್ಪನವರು ಅವರ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟು, "ಹೀಗೆ ಸಾರ್, ಎಳೆ ಹೋದ ಕಡೆಗೆ," ಎಂದು ಮೆಲ್ಲಗೆ ನೂಕಿದರು. ಮೊದಲ ಸಿಪ್ಪೆ ಸುರುಳಿಯಾಗಿ ಎದ್ದು ಕೆಳಗೆ ಬಿತ್ತು. ಆಮೇಲೆ ಸಾಹೇಬರನ್ನು ತಡೆಯುವವರಿರಲಿಲ್ಲ. ಕನ್ನಡಕ ಜಾರಿತು, ತೋಳು ಮಡಿಚಿದ್ದು ಬಿಚ್ಚಿಕೊಂಡಿತು, ಎರಡು ಸಲ ತಂದಿಟ್ಟ ಟೀ ಆರಿಹೋಯಿತು.

ಹನ್ನೆರಡು ಗಂಟೆಗೆ ಸಾಹೇಬರು ತುಂಡನ್ನು ಅಂಗೈ ಮೇಲಿಟ್ಟು ಬಿಸಿಲಿಗೆ ಹಿಡಿದರು. ಅದರ ಮೂಲೆಗಳು ಹೋಗಿದ್ದವು. ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು. ಅವರು ಅದನ್ನು ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು. ಕೊನೆಗೆ ತಡೆಯಲಾರದೆ ಆಸೆಯಿಂದ ಕೇಳಿದರು, "ಏನು ಕಾಣ್ತಿದೆ ರೀ ನಿಮಗೆ?"

ಅಡ್ಡಿಯಿಲ್ಲಪ್ಪನವರು ಅದನ್ನು ಈಸಿಕೊಂಡು, ಬಹಳ ಹೊತ್ತು, ಬಹಳ ಗೌರವದಿಂದ ನೋಡಿದರು.

"ಇನ್ನೂ ಮರವೇ ಕಾಣ್ತಿದೆ ಸಾರ್," ಎಂದರು.

ಸಾಹೇಬರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಗಿದ್ದ ಹೆಂಡತಿ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದರು. ಮೇಲಿನ ಕಿಟಕಿಯಲ್ಲಿ ನರ್ಸಮ್ಮ ಇಣುಕಿದರು. ಆಮೇಲೆ ಸಾಹೇಬರು ಕನ್ನಡಕ ಮೇಲೇರಿಸಿ, ಮರವನ್ನು ಈಸಿಕೊಂಡು, ಮತ್ತೆ ಚಾಕು ಬಿಚ್ಚಿದರು.